ಎಣ್ಣೆ ಹಚ್ಚಿದ ತೊಗರಿಬೇಳೆ

ನಾನು ಹುಟ್ಟಿ ಬೆಳೆದದ್ದು ಗದ್ವಾಲದಲ್ಲಿ. ನಮ್ಮಪ್ಪನದು ಸೀರೆ ವ್ಯಾಪಾರ. ಕಾಳುಕಡಿ ಕೂಡಿಟ್ಟು ವರ್ಷವಿಡೀ ತಿನ್ನುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ತಿಂಗಳಿಗೊಮ್ಮೆ ಅಂಗಡಿಯಿಂದ ಸಾಮಾನು ಬರುತ್ತಿತ್ತು, ತಿಂಗಳೊಳಗೆ ಮುಗಿಯುತ್ತಿತ್ತು. ಹುಳಕ್ಕೆ ಹುಟ್ಟುವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ.

ರಾಯಚೂರಿನ ಗಡಿಯಾಚೆಯ ಮಕ್ತಲಿಗೆ ಮದುವೆ ಮಾಡಿಕೊಟ್ಟರು. ಮಾವನದು ಬಜಾರಿನಲ್ಲಿ ಕಿರಾಣಿ ಅಂಗಡಿ, ಊರಾಚೆ ಆರು ಎಕರೆ ಹೊಲ. ಹೊಲದಲ್ಲಿ ಬೆಳೆದ ತೊಗರಿ, ಹೆಸರು, ಜೋಳ ಎಲ್ಲವೂ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಇರುತ್ತಿದ್ದವು. ಬಂದ ಎಂಟನೆಯ ದಿನವೋ ಹತ್ತನೆಯ ದಿನವೋ, ಅತ್ತೆ ಒಂದು ಸೇರು ಹೆಸರುಕಾಳು ತಾ ಎಂದು ಆ ಕೋಣೆಗೆ ಕಳಿಸಿದರು. ದೊಡ್ಡ ಮಣ್ಣಿನ ಗಡಿಗೆ. ಮುಚ್ಚಳ ತೆಗೆದು ಮೊಳಕೈವರೆಗೆ ಕೈ ಇಳಿಸಿದೆ. ಕಾಳು ಬೆಚ್ಚಗಿತ್ತು. ಕಾಳು ಯಾಕೆ ಬೆಚ್ಚಗಿದೆ ಎಂದು ನಾನು ಯೋಚಿಸುವಷ್ಟರಲ್ಲಿ ಕೈ ಮೇಲೆಲ್ಲ ಏನೋ ಹರಿದಂತಾಯಿತು. ಬಾಗಿಲ ಬೆಳಕಿಗೆ ಹಿಡಿದು ನೋಡಿದರೆ ಬಳೆಗಳ ಸಂದಿಯಲ್ಲಿ, ಬೆರಳುಗಳ ನಡುವೆ, ಸೆರಗಿನ ಅಂಚಿನಲ್ಲಿ ಕಂದು ಬಣ್ಣದ ಸಣ್ಣ ಹುಳಗಳು. ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ.

ಅತ್ತೆ ಬೈಯಲಿಲ್ಲ. ಒಂದು ತಂಬಿಗೆ ನೀರು ತಂದು ಕೈ ಮೇಲೆ ಸುರಿದರು.

"ಹುಳಾ ಕಂಡ ಕೂಡ್ಲೇ ಹಿಂಗ ಮಾಡಿದ್ರ ಹ್ಯಾಂಗವ್ವಾ? ಆ ಗಡಿಗಿ ಕಾಳಿಗಿ ಎಣ್ಣಿ ಹಚ್ಚಿದ್ದಿಲ್ಲ. ನಿನ್ನ ಮದುವಿ ಗದ್ದಲದಾಗ ನನಗ ಕೈ ಬಿಡುವಾಗಲಿಲ್ಲ," ಎಂದರು.

ಎಣ್ಣೆ ಎಂಬ ಮಾತನ್ನು ಕಾಳಿನ ಸಂಗಡ ನಾನು ಕೇಳಿದ್ದು ಅದೇ ಮೊದಲು. ಹಪ್ಪಳಕ್ಕೆ ಎಣ್ಣೆ, ತಲೆಗೆ ಎಣ್ಣೆ, ದೀಪಕ್ಕೆ ಎಣ್ಣೆ ಗೊತ್ತು. ಕಾಳಿಗೆ ಎಣ್ಣೆ ಯಾಕೆ?

ಅದು ತಿಳಿದದ್ದು ಮುಂದಿನ ಬೇಸಿಗೆಯಲ್ಲಿ. ಯುಗಾದಿ ಮುಗಿದು ಬಿಸಿಲು ಏರುತ್ತಿದ್ದಂತೆ ಅತ್ತೆ ಔಡಲ ಬೀಜ, ಅಂದರೆ ಹರಳು, ಹುರಿಯಲು ಕೂತರು. ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿದರು. ಆ ವಾಸನೆಯನ್ನು ಏನೆಂದು ಹೇಳಲಿ! ಸುಟ್ಟ ಚರ್ಮ, ಹಳೆಯ ತಲೆದಿಂಬು, ಕೂಸಿಗೆ ಭೇದಿ ಮಾಡಿಸುವ ಔಷಧಿ, ಎಲ್ಲ ಕಲಸಿದ ಹಾಗೆ. ಮೂಗಿಗೆ ಸೆರಗು ಕಟ್ಟಿಕೊಂಡರೂ ಗಂಟಲಿಗೆ ಇಳಿಯುತ್ತಿತ್ತು. ಮೇಲೆ ತೇಲಿದ ದಪ್ಪ ಎಣ್ಣೆಯನ್ನು ಅತ್ತೆ ಸೌಟಿನಿಂದ ಸಮಾಧಾನವಾಗಿ ತೆಗೆದು ಬೋಗುಣಿಗೆ ತುಂಬಿದರು.

ಮಾಳಿಗೆಯ ಮೇಲೆ ಚಾಪೆ ಹಾಸಿ ಮೂರು ದಿನ ಬೇಳೆ ಒಣಗಿಸಿದೆವು. ಬಿಸಿಲಿಗೆ ಕಾಲು ಸುಡುತ್ತಿತ್ತು. ಚೆನ್ನಾಗಿ ಆರಿದ ಮೇಲೆ ಒಂದು ಸೇರಿಗೆ ಒಂದು ಸಣ್ಣ ಚಮಚದ ಲೆಕ್ಕದಲ್ಲಿ ಎಣ್ಣೆ ಬಿಟ್ಟು, ಎರಡೂ ಅಂಗೈಯಲ್ಲಿ ತಿಕ್ಕಬೇಕು. ಎಣ್ಣೆ ಹೆಚ್ಚಾದರೆ ಬೇಳೆ ಮುಗ್ಗಲು ನಾರುತ್ತದೆ, ಕಡಿಮೆಯಾದರೆ ಹುಳ ಬಿಡುವುದಿಲ್ಲ. ಪ್ರತಿಯೊಂದು ಕಾಳಿಗೂ ತೆಳ್ಳಗೆ ಹತ್ತಬೇಕು.

"ಹುಳಾ ಬಂದು ಕಾಳಿನ ಮ್ಯಾಲ ತತ್ತಿ ಇಡತೈತಿ. ಎಣ್ಣಿ ಹತ್ತಿದ ಕಾಳಿಗಿ ತತ್ತಿ ಅಂಟಂಗಿಲ್ಲ. ಅಂಟಿದ್ರೂ ಉಸಿರು ಕಟ್ಟಿ ಸಾಯತಾವು. ಬಿತ್ತೂ ಕಾಳಿಗಿ ಬೇವಿನೆಣ್ಣಿ, ತಿನ್ನೂದಕ್ಕ ಔಡಲೆಣ್ಣಿ," ಎಂದು ಅತ್ತೆ ಹೇಳುತ್ತಿದ್ದರು.

ನನಗೆ ನಂಬಿಕೆ ಬರಲಿಲ್ಲ. ಅದನ್ನು ಕಂಡು ಅತ್ತೆ ಎರಡು ಸಣ್ಣ ಮಡಕೆ ತುಂಬಿಟ್ಟರು. ಒಂದೇ ಹೆಸರುಕಾಳು, ಒಂದಕ್ಕೆ ಎಣ್ಣೆ ಉಂಟು, ಒಂದಕ್ಕೆ ಇಲ್ಲ. ನಾಗರಪಂಚಮಿಗೆ ತೆಗೆದು ನೋಡಿದಾಗ ಎಣ್ಣೆ ಇಲ್ಲದ ಮಡಕೆಯ ಕಾಳುಗಳ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿಯ ತತ್ತಿಗಳು ಅಂಟಿದ್ದವು, ಅರ್ಧಕ್ಕರ್ಧ ಕಾಳುಗಳಿಗೆ ಸೂಜಿಯಲ್ಲಿ ಕೊರೆದಂಥ ದುಂಡು ತೂತು. ಎಣ್ಣೆ ಹಚ್ಚಿದ್ದು ಹಾಗೇ ಇತ್ತು. ಅಂದಿನಿಂದ ವಾದ ಮಾಡಲಿಲ್ಲ. ಆದರೆ ಆ ಕೆಲಸ ನನಗೆ ಎಂದೂ ಒಗ್ಗಲಿಲ್ಲ. ಎಣ್ಣೆ ಹಚ್ಚಿದ ದಿನ ಸೀಗೆಪುಡಿಯಲ್ಲಿ ಎಷ್ಟು ತಿಕ್ಕಿದರೂ ಕೈ ಜಿಗುಟು ಹೋಗುತ್ತಿರಲಿಲ್ಲ. ರೊಟ್ಟಿ ಬಡಿದರೆ ರೊಟ್ಟಿಗೂ ಅದೇ ವಾಸನೆ. ಗಂಡ ಊಟಕ್ಕೆ ಕೂತವರು ಮೂಗು ಮುರಿದು, "ಇವತ್ತು ಅವ್ವಗ ಹೇಳು ಬಡಸಾಕ," ಎನ್ನುತ್ತಿದ್ದರು.

ಹೀಗೆ ಕೆಲವು ವರ್ಷ ಕಳೆದವು. ಆಮೇಲೆ ತೆಲಂಗಾಣ ಬರುವ ವರ್ಷ ಬಂತು.

ಅದಕ್ಕೂ ಮುಂಚೆ ಬಂದ್ ಮೇಲೆ ಬಂದ್. ಇವತ್ತು ಬಸ್ಸಿಲ್ಲ, ನಾಳೆ ಬಜಾರಿಲ್ಲ. ಎಲ್ಲೆಲ್ಲಿಯ ಸರಕು ಅಲ್ಲಲ್ಲೇ ನಿಂತಿತು. ನಾರಾಯಣಪೇಟೆಯಲ್ಲಿ ಯಾರದೋ ಗೋದಾಮಿನಲ್ಲಿ ತೊಗರಿ ಎರಡು ಮಳೆಗಾಲ ಬಿದ್ದುಕೊಂಡಿತ್ತಂತೆ. ಅದನ್ನು ಗಿರಣಿಗೆ ಹಾಕಿ ಬೇಳೆ ಮಾಡಿಸಿ, ಸಿಕ್ಕ ಬೆಲೆಗೆ ಕೊಡುತ್ತಿದ್ದರು. ಮಾವನ ಕಿವಿಗೆ ಸುದ್ದಿ ಬಿತ್ತು. ಒಂದು ಟೆಂಪೋ ತುಂಬ ಚೀಲ ತಂದು ನಮ್ಮ ಹಿತ್ತಲಲ್ಲಿ ಇಳಿಸಿದರು.

ಅತ್ತೆ ಆಗ ಊರಲ್ಲಿ ಇರಲಿಲ್ಲ. ಅಲಂಪುರದಲ್ಲಿದ್ದ ಅವರ ತಂಗಿಗೆ ಹುಷಾರಿಲ್ಲವೆಂದು ಹೋಗಿ ಹದಿನೈದು ದಿನವಾಗಿತ್ತು.

ಚೀಲ ಇಳಿಸುತ್ತಿದ್ದ ಹಮಾಲರು ತೆಲುಗಿನಲ್ಲಿ ಬೈಯುತ್ತ ಮೈ ಕೊಡವಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಗೋಣಿಯ ಎಳೆಎಳೆಯಿಂದ ಹುಳಗಳು ಹೊರಬಂದು ಗೋಡೆ ಹತ್ತುತ್ತಿದ್ದವು. ಸುಣ್ಣದ ಗೋಡೆ ಒಂದು ತಾಸಿನಲ್ಲಿ ಚುಕ್ಕೆಚುಕ್ಕೆಯಾಯಿತು. ಚೀಲದ ಮೇಲೆ ಕೈ ಇಟ್ಟರೆ ಜ್ವರ ಬಂದವರ ಹಣೆಯ ಹಾಗೆ ಕಾವು. ಚೀಲದ ಕೆಳಗೆ ಹಳದಿ ಹಿಟ್ಟು ಉದುರಿ ಗುಪ್ಪೆಯಾಗಿತ್ತು. ಅದು ಬೇಳೆಯ ಹಿಟ್ಟಲ್ಲ, ಹುಳ ತಿಂದು ಹಾಕಿದ್ದು. ಕೋಳಿಗಳು ಸಂಭ್ರಮದಿಂದ ಬಂದು ಹೆಕ್ಕಿದವು. ಮಧ್ಯಾಹ್ನದ ಹೊತ್ತಿಗೆ ಅವಕ್ಕೂ ಸಾಕಾಗಿ ಬೇಲಿಯ ಕಡೆ ಹೋಗಿ ಕೂತವು.

ನಮ್ಮ ಮಾವ ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಗೋಡೆಗೋ ಕಂಬಕ್ಕೋ ಹೇಳುವವರಂತೆ ಹೇಳುತ್ತಿದ್ದರು. ಅಂದೂ ಕಂಬ ನೋಡುತ್ತ, "ನಾಳಿಯಿಂದ ಇದನ್ನ ಜರಡಿ ಹಿಡದು, ಬಿಸಲಿಗ್ಹಾಕಿ, ಎಣ್ಣಿ ಹಚ್ಚಬೇಕು," ಎಂದರು.

ನಾನು ಸೆರಗು ಎಳೆದುಕೊಂಡು ಕೇಳಿದೆ, "ಇದು ಮನಿಗೇನ್ರಿ ಮಾವಾರ?"

"ಮನಿಗ್ಯಾಕ?" ಎಂದರು ಅವರು. "ಅಂಗಡಿಗಿ."

ಅಷ್ಟೇ. ಅದರಲ್ಲಿ ಅವರಿಗೆ ಮುಚ್ಚಿಡುವಂಥದ್ದು ಏನೂ ಕಾಣಲಿಲ್ಲ.

ನಾನು ಒಲ್ಲೆ ಎನ್ನಬಹುದಿತ್ತು. ಅನ್ನಲಿಲ್ಲ. ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. "ಅಪ್ಪಗ ಯಾರು ಹೇಳಬೇಕು? ನಾಕು ದಿನದ ಕೆಲಸ, ಸುಮ್ಮನ ಮಾಡಿ ಮುಗಸು," ಎಂದರು. ಮಾಡಿ ಮುಗಿಸಿದೆ.

ಆ ನಾಲ್ಕು ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜರಡಿ ಆಡಿಸಿದರೆ ಬೇಳೆಯ ಜೊತೆ ಹುಳಗಳೂ ಕುಣಿಯುತ್ತಿದ್ದವು. ಕೆಂಪು ಸಣ್ಣವು ಕೆಳಗೆ ಬೀಳುತ್ತಿದ್ದವು, ದೊಡ್ಡವು ಮೇಲೆಯೇ ಉಳಿದು ಬೇಳೆಯಡಿ ಅಡಗುತ್ತಿದ್ದವು. ಧೂಳು ಕಣ್ಣಿಗೆ, ಮೂಗಿಗೆ, ಬಾಯಿಗೆ. ಕೂದಲೊಳಗೆ ಏನೋ ಹರಿಯುತ್ತಿದೆ ಎಂದು ಕೈ ಹಾಕಿದರೆ ನಿಜವಾಗಿಯೂ ಹರಿಯುತ್ತಿತ್ತು. ಬಿಸಿಲಿಗೆ ಹಾಕಿದ ಮೇಲೆ ಬಹಳಷ್ಟು ಹುಳ ಓಡಿಹೋದವು, ಆದರೆ ಬೇಳೆಯ ತೂತಿನಲ್ಲಿ ಸತ್ತು ಕೂತವು ಎಲ್ಲಿಗೆ ಹೋಗಬೇಕು? ಎಣ್ಣೆ ಬಿಟ್ಟು ಅಂಗೈಯಲ್ಲಿ ತಿಕ್ಕುವಾಗ ಬೇಳೆಯ ನಡುವೆ ಮೆತ್ತಗೆ ಏನೋ ಸಿಕ್ಕು ಪಿಚಕ್ ಎನ್ನುತ್ತಿತ್ತು. ಬಿಳಿಯ ಮರಿಹುಳ. ಮೊದಲ ದಿನ ಪ್ರತಿ ಸಲ ಎದ್ದು ಕೈ ತೊಳೆದೆ. ಎರಡನೆಯ ದಿನ ಅರ್ಧ ತಾಸಿಗೊಮ್ಮೆ ತೊಳೆದೆ. ಮೂರನೆಯ ದಿನ ತೊಳೆಯುವುದನ್ನು ಬಿಟ್ಟೆ. ಈಗ ಹುಳಕ್ಕಿಂತ ನನಗೆ ಹೇಸಿಗೆ ಎನಿಸುವುದು ಆ ಮೂರನೆಯ ದಿನ.

ಮನೆಯ ಬೇಳೆಗೆ ಒಂದು ಚಮಚ ಹಾಕುವಲ್ಲಿ ಇದಕ್ಕೆ ಮೂರು ಚಮಚ ಹಾಕಿಸಿದರು ಮಾವ. ಧೂಳು ಬೇಳೆಗೇ ಅಂಟಿಕೊಳ್ಳಬೇಕು, ಉದುರಬಾರದು. ತೂತುಗಳಲ್ಲಿ ಎಣ್ಣೆ ತುಂಬಿ ಅವು ಕಾಣದಂತಾಗಬೇಕು. ಹಾಗೇ ಆಯಿತು. ನಾಲ್ಕನೆಯ ದಿನ ಹೊಸ ಗೋಣಿಗೆ ತುಂಬುವಾಗ ಆ ಬೇಳೆ ಬಂಗಾರದಂತೆ ಹೊಳೆಯುತ್ತಿತ್ತು. ಅದೇ ದಿನ ಬಜಾರಿನಲ್ಲಿ ಹೊಸ ರಾಜ್ಯ ಬಂತೆಂದು ಪಟಾಕಿ ಹೊಡೆದರು, ಬಣ್ಣ ಎರಚಾಡಿದರು. ಯಾರೋ ಮನೆಗೆ ಪೇಡೆ ತಂದುಕೊಟ್ಟರು. ಕೈ ಮೂಸಿ ನೋಡಿಕೊಂಡು ಪೇಡೆಯನ್ನು ತಟ್ಟೆಯಲ್ಲೇ ಬಿಟ್ಟೆ.

ಮರುದಿನ ಅತ್ತೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮೂಗರಳಿಸಿ, "ಈಗ್ಯಾಕ ಎಣ್ಣಿ ತಗದೀರಿ?" ಎಂದರು. ನಾನು ಹಿತ್ತಲ ಕಡೆ ಕೈ ತೋರಿಸಿದೆ. ಒಂದು ಹಿಡಿ ಬೇಳೆ ತೆಗೆದು ಉಗುರಿನಿಂದ ಒಂದನ್ನು ಸೀಳಿದರು. ಒಳಗೆ ಕಪ್ಪಗೆ ಒಣಗಿದ್ದನ್ನು ನೋಡಿ ಹಿಡಿಯನ್ನು ಚೀಲಕ್ಕೇ ಬಿಸುಟು, ಸೀರೆಗೆ ಕೈ ಒರೆಸಿಕೊಂಡರು.

"ಎಣ್ಣಿ ಹುಳಾ ಬರಬಾರದಂತ ಹಚ್ಚೂದು. ಬಂದ ಹುಳಾನ ಮುಚ್ಚಾಕ ಅಲ್ಲ. ಯಾರು ಹಚ್ಚಿದ್ರು?"

"ನಾನ್ರಿ."

ಅವರು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಎರಡು ಮೂರು ದಿನಕ್ಕೆ ಮಾಗನೂರು ಕಡೆಯ ಒಬ್ಬ ಕುರುಬರ ಮುದುಕಿ ಅಂಗಡಿಗೆ ಬಂದಳು. ನನ್ನ ಗಂಡ ಹುಟ್ಟುವ ಮುಂಚಿನಿಂದಲೂ ನಮ್ಮಲ್ಲೇ ಸಾಮಾನು ಒಯ್ಯುವವಳು. ಮನೆಯಲ್ಲಿ ಕುಲದೇವರು ಬೀರಪ್ಪನ ಪರವು ಇಟ್ಟುಕೊಂಡಿದ್ದಳು. ಬಂಧು ಬಳಗಕ್ಕೆಲ್ಲ ಊಟ. ಮೂವತ್ತು ಸೇರು ಬೇಳೆ ಬೇಕಾಗಿತ್ತು. ನಾನು ಮಾವನಿಗೆ ಚಹಾ ಕೊಡಲು ಅಂಗಡಿಯ ಹಿಂಬಾಗಿಲಿಗೆ ಹೋದಾಗ ಆಕೆ ಆ ಬೇಳೆಯನ್ನೇ ಬೊಗಸೆಯಲ್ಲಿ ಹಿಡಿದು ಮೂಸುತ್ತಿದ್ದಳು.

"ಎಣ್ಣಿ ಹಚ್ಚೀರೇನ್ರಿ ಸಾವಕಾರ್ರ?"

"ಹಚ್ಚೀವಿ ಮತ್ತ. ಮಳಿಗಾಲ ಬಂತಲ್ಲ, ನೀನು ಎಷ್ಟು ದಿನ ಇಟ್ಟರೂ ಹುಳಾ ಹತ್ತಂಗಿಲ್ಲ."

"ಅಂಗಡಿ ಎಣ್ಣಿ ಬ್ಯಾಳಿ ನಾ ಒಯ್ಯಂಗಿಲ್ಲಪ್ಪ. ಏನ್ ಹಚ್ಚಿರತಾರೋ ಏನೋ."

ಮಾವ ನಕ್ಕರು. ಹಿಂಬಾಗಿಲಲ್ಲಿ ನಿಂತ ನನ್ನ ಕಡೆ ಕೈ ಮಾಡಿ ಹೇಳಿದರು, "ಅಂಗಡಿದಲ್ಲ ಮುದುಕಿ, ಮನಿದು. ನಮ್ಮ ಸೊಸಿ ತನ್ನ ಕೈಲೇ ಹಚ್ಯಾಳ. ಬೇಕಂದ್ರ ಆಕಿನ್ನ ಕೇಳು."

ಮದುವೆಯಾದಾಗಿನಿಂದ ನನ್ನ ಇರವನ್ನು ಮಾವ ಇನ್ನೊಬ್ಬರ ಎದುರು ಒಪ್ಪಿಕೊಂಡದ್ದು ಅದೇ ಮೊದಲು. ಅದೂ ಇದಕ್ಕಾಗಿ. ಮುದುಕಿ ನನ್ನತ್ತ ತಿರುಗಿ ಹಲ್ಲಿಲ್ಲದ ಬಾಯಲ್ಲಿ ನಕ್ಕು, "ಹಂಗಾರ ಆತು ಬಿಡು ಯವ್ವಾ. ನಿಮ್ಮತ್ತಿ ಕೈಯಾಗ ಕಲತಾಕಿ ನೀನು," ಎಂದು ಬೊಗಸೆಯ ಬೇಳೆಯನ್ನು ಅಂಗಡಿಯ ಗೋಣಿಗೆ ಸುರಿದು, ತನ್ನ ಚೀಲದ ಬಾಯಿ ಬಿಚ್ಚಿದಳು.

ಆ ನಾಲ್ಕು ದಿನ ಬಾರದ ವಾಂತಿ ಆಗ ಬರುವಂತಾಯಿತು. ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಅಲ್ಲೇ ಚಹಾ ಲೋಟ ತೊಳೆಯಲು ಇಟ್ಟಿದ್ದ ಬಿಸಿನೀರಿನ ಚೆರಿಗೆಯಲ್ಲಿ ಒಂದು ಬೊಗಸೆ ಬೇಳೆ ಸುರಿದು, ಕೈಯಾಡಿಸಿ, ಆಕೆಯ ಮುಂದೆ ಇಟ್ಟೆ. ಮೊದಲು ಎಣ್ಣೆಯ ಪದರ ಮೇಲೆ ಬಂತು. ಆಮೇಲೆ ಹಳದಿ ಧೂಳು. ಅದರ ಹಿಂದೆ ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ಕೆಂಪು ಹುಳ, ಕಂದು ಹುಳ, ಬಿಳಿಯ ಮರಿ, ಬರೀ ರೆಕ್ಕೆ, ಬರೀ ಕಾಲು. ಒಂದೆರಡು ಇನ್ನೂ ಒದ್ದಾಡುತ್ತಿದ್ದವು.

"ನಮ್ಮ ಮನಿ ಬ್ಯಾಳಿ ಅಲ್ಲಬೇ ಇದು. ಒಯ್ಯಬ್ಯಾಡ," ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

ಮುದುಕಿ ಕೂಗಾಡಲಿಲ್ಲ. ಚೆರಿಗೆಯೊಳಗೆ ಬಹಳ ಹೊತ್ತು ನೋಡಿದಳು. ಬಿಚ್ಚಿದ್ದ ತನ್ನ ಖಾಲಿ ಚೀಲವನ್ನು ಮಡಚಿಕೊಂಡಳು. ಅಂಗಡಿಯ ಕಟ್ಟೆಯ ಮೇಲಿದ್ದ ಕೊಡದಿಂದ ನೀರು ತೆಗೆದು ಕೈ ತೊಳೆಯಲು ಹೋದವಳು ತಡೆದು, ಆ ನೀರನ್ನೂ ಮುಟ್ಟದೆ, ಮಣ್ಣಿನಲ್ಲಿ ಕೈ ತಿಕ್ಕಿಕೊಂಡು ಹೊರಟುಹೋದಳು.

ಮಾವ ಆ ದಿನ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಮನೆಗೆ ಬಂದರು. ಕಂಬಕ್ಕೆ ಹೇಳಿದರು, "ಮನಿ ಮರ್ಯಾದಿ ಬಜಾರಿಗೆ ಹಾಕಿದಳು." ಗಂಡ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ಒಳಗಿನಿಂದಲೇ, "ಕೈ ತೊಳಕೊಂಡು ಊಟಕ್ಕ ಬರ್ರಿ," ಎಂದು ಕರೆದರು. ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಮಾವನ ತಟ್ಟೆಗೆ ಮಾತ್ರ ಅನ್ನ, ಅದರ ಮೇಲೆ ಎರಡು ಸೌಟು ಗಟ್ಟಿ ಬೇಳೆ.

ಮಾವ ತುತ್ತು ಕಲಸಿದರು. ಬಾಯಿಯ ಹತ್ತಿರ ಒಯ್ದವರು ನಿಲ್ಲಿಸಿ, "ಯಾವ ಬ್ಯಾಳಿ ಇದು?" ಎಂದರು.

"ಸೊಸಿ ತನ್ನ ಕೈಲೇ ಎಣ್ಣಿ ಹಚ್ಚಿದ್ದು," ಎಂದರು ಅತ್ತೆ.

ಮಾವ ತಟ್ಟೆ ಸರಿಸಿ ಎದ್ದರು. ಅತ್ತೆ ತಟ್ಟೆ ಎತ್ತಲಿಲ್ಲ, ನನಗೂ ಎತ್ತಬೇಡ ಎಂದು ಕಣ್ಣಲ್ಲೇ ಹೇಳಿದರು. ಸಂಜೆಯವರೆಗೆ ಅದು ಅಲ್ಲೇ ಇತ್ತು, ನೊಣ ಮುತ್ತಿಕೊಂಡು.

ಆ ವಾರದಲ್ಲೇ ಚೀಲಗಳು ಹಿತ್ತಲಿನಿಂದ ಹೋದವು. ಹೊಲಕ್ಕೆ ಗೊಬ್ಬರ ಮಾಡುತ್ತಾರೆ ಎಂದುಕೊಂಡಿದ್ದೆ. ಟೆಂಪೋ ಹೊಲದ ಕಡೆ ತಿರುಗಲಿಲ್ಲ. ಗಂಡನನ್ನು ಕೇಳಿದೆ.

"ಕೋಸಗಿ ಸಂತಿಗೆ."

"ಅಲ್ಲಿ ತಿನ್ನೋರು ಮನಷ್ಯಾರಲ್ಲೇನ್ರಿ?"

ಅವರು ಅಂಗಿ ಕೊಡವಿ ಹಾಕಿಕೊಂಡು ಅಂಗಡಿಗೆ ಹೊರಟರು. ಆ ಅಂಗಿಯೂ ನನಗೆ ಆ ಬೇಳೆಯ ಹಾಗೇ ನಾರಿತು. ಎಷ್ಟೋ ದಿನ ಅವರ ಪಕ್ಕ ಕೂತು ಉಣ್ಣಲು ನನ್ನಿಂದ ಆಗಲಿಲ್ಲ. ಕೋಸಗಿಯಲ್ಲಿ ಯಾವ ಮನೆಯ ಹೆಂಗಸು ಆ ಹೊಳಪು ನೋಡಿ ಮೆಚ್ಚಿ ಒಯ್ದಳೋ, ಯಾರ ಮಕ್ಕಳು ಉಂಡರೋ ಗೊತ್ತಿಲ್ಲ. ಎಣ್ಣೆ ಹಚ್ಚಿದ ಕೈ ನನ್ನದೇ.

ಶ್ರಾವಣದಲ್ಲಿ ಅತ್ತೆ ಒಂದು ದಿನ ಮನೆಯ ಬೇಳೆ ಹತ್ತು ಸೇರು ಅಳೆದು ಬಟ್ಟೆಯಲ್ಲಿ ಕಟ್ಟಿದರು. "ನಡಿ, ಮುದುಕಿ ಊರಿಗಿ ಹೋಗಿ ಬರೂಣು," ಎಂದರು. ಮಾಗನೂರಿನವರೆಗೆ ಬಸ್ಸು, ಅಲ್ಲಿಂದ ನಡಿಗೆ. ಮುದುಕಿ ಹಟ್ಟಿಯ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ಕುರಿಗಳು ಮೇಯಲು ಹೋಗಿದ್ದವು, ಹಿಕ್ಕೆಯ ವಾಸನೆ ಮಾತ್ರ ಇತ್ತು. ನಮ್ಮನ್ನು ಕಂಡು ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಅತ್ತೆ ಗಂಟು ಮುಂದಿಟ್ಟರು.

"ಪರವು ಮುಗೀತವ್ವಾ. ರಾಯಚೂರಿನಿಂದ ಬ್ಯಾಳಿ ತರಿಸಿದ್ವಿ," ಎಂದಳು ಮುದುಕಿ.

"ಗೊತ್ತೈತಿ. ಇದು ನಿನಗ."

ಆಕೆ ಗಂಟು ಮುಟ್ಟಲಿಲ್ಲ. ನನ್ನ ಕಡೆ ನೋಡಿ ಕೇಳಿದಳು, "ಆ ಬ್ಯಾಳಿಗಿ ನಿನ್ನ ಕೈಲೇ ಹಚ್ಚಿದ್ದಿ ಅಂದ್ನಲ್ಲ ನಿಮ್ಮ ಮಾವ. ಖರೇನೇನು?"

ಅಂಗಡಿಯಲ್ಲಿ ಚೆರಿಗೆ ಮುಂದಿಟ್ಟಾಗ ನಾನು ಈ ಮಾತು ಹೇಳಿರಲಿಲ್ಲ. ನಮ್ಮ ಮನೆಯ ಬೇಳೆ ಅಲ್ಲ ಎಂದಷ್ಟೇ ಹೇಳಿ ಒಳ್ಳೆಯವಳಾಗಿಬಿಟ್ಟಿದ್ದೆ.

"ಖರೇ," ಎಂದೆ.

"ಹಚ್ಚೂ ಮುಂದ ಹೇಸಿಗಿ ಬರಲಿಲ್ಲೇನು?"

"ಬಂತು."

"ಆದ್ರೂ ಹಚ್ಚಿದಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅತ್ತೆ ನನ್ನ ಪರವಾಗಿ ಏನಾದರೂ ಹೇಳುತ್ತಾರೆಂದು ಕಾದೆ. ಅವರು ದೂರದ ಜಾಲಿಮರ ನೋಡುತ್ತ ಕೂತಿದ್ದರು. ಮುದುಕಿ ಗಂಟು ಬಿಚ್ಚಿದಳು. ಒಂದು ಬೇಳೆ ಎತ್ತಿ ಹಲ್ಲಿಲ್ಲದ ಒಸಡಿನಲ್ಲಿ ಆಡಿಸಿ ನೋಡಿದಳು. "ಮನಿಗಿ ಇಟ್ಕೋತೀನಿ. ದೇವರಿಗಿ ಮಾತ್ರ ಇನ್ನ ಮ್ಯಾಲ ನಿಮ್ಮ ಬ್ಯಾಳಿ ಬ್ಯಾಡ," ಎಂದು, ಬೇಳೆಯನ್ನು ತನ್ನ ಮಡಕೆಗೆ ಸುರಿದು, ಖಾಲಿ ಬಟ್ಟೆಯನ್ನು ಝಾಡಿಸಿ ಮಡಿಚಿ ಅತ್ತೆಯ ಕೈಗೆ ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗ ಇರಲಿಲ್ಲ. ಮಕ್ತಲಿನವರೆಗೂ ಇಬ್ಬರೂ ನಿಂತೇ ಬಂದೆವು. ಮುದುಕಿ ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.